ಪದನಿಮಿತ್ತ ಗೆಲುವು

ಕ್ಲಬ್ಬಿನ ಪದನಿಮಿತ್ತ ಅಧ್ಯಕ್ಷರಾದ ಮಾನ್ಯರೇ,

ಕಳೆದ ಸೋಮವಾರ ನಮ್ಮ ಮುಳಬಾಗಿಲಿನ ಕ್ಲಬ್ಬಿನ ಗೇಟಿಗೆ ಒಂದು ಬೋರ್ಡು ಬಂತು: ‘ಸದಸ್ಯರಲ್ಲದವರು ಟೆನಿಸ್ ಕೋರ್ಟಿಗೆ ಇಳಿಯುವುದನ್ನು ನಿಷೇಧಿಸಲಾಗಿದೆ.’ ಓದಿದವರಿಗೆ ಇದು ಊರಿಗೆಲ್ಲ ಮಾಡಿದ ನಿಯಮ ಎನ್ನಿಸಬಹುದು. ಆದರೆ ಸದಸ್ಯರಲ್ಲದೆ ಆ ಕೋರ್ಟಿಗೆ ಇಳಿಯುತ್ತಿದ್ದವಳು ಇಡೀ ಊರಿನಲ್ಲಿ ಒಬ್ಬಳೇ, ಅರ್ಷಿಯಾ ಎಂಬ ಹದಿನಾರು ವರ್ಷದ ಹುಡುಗಿ. ಬೋರ್ಡು ಬರುವ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಅವಳು ತಮ್ಮನ್ನು ಒಂದು ಸೆಟ್ಟಿನಲ್ಲಿ ಸೋಲಿಸಿದ್ದಳು. ಅವಳ ಅಪರಾಧ ಅಷ್ಟೆ. ಮುಂದಿನ ತಿಂಗಳು ಕೋಲಾರದಲ್ಲಿ ಪಿಯು ಕಾಲೇಜುಗಳ ಜಿಲ್ಲಾ ಆಯ್ಕೆ ಪಂದ್ಯಗಳಿವೆ. ಅಭ್ಯಾಸ ಮಾಡಲು ಊರಿನಲ್ಲಿ ಇನ್ನೊಂದು ಕೋರ್ಟಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಆ ಬೋರ್ಡಿಗೆ ಒಪ್ಪಿಗೆಯ ಸಹಿ ಹಾಕಿದ ಗೌರವ ಕಾರ್ಯದರ್ಶಿ ನಾನೇ. ಹಾಗಾಗಿ ಈ ಪತ್ರವನ್ನು ತಲೆಯೆತ್ತಿ ಬರೆಯುವ ಯೋಗ್ಯತೆ ನನಗಿಲ್ಲ, ತಗ್ಗಿಸಿಕೊಂಡೇ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಸಂಗತಿಯನ್ನು ಅರಿಕೆ ಮಾಡಿಕೊಳ್ಳಬೇಕು. ಈ ಊರಿಗೆ ಬಂದ ಮೇಲೆ ತಾವು ಗೆದ್ದ ಯಾವ ಸೆಟ್ಟನ್ನೂ ತಾವು ಗೆದ್ದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ತಮ್ಮ ಹಿಂದಿನವರೂ ಗೆದ್ದಿರಲಿಲ್ಲ. ತಾವು ಕೂತಿರುವ ಸರ್ಕಾರಿ ಕುರ್ಚಿಗೆ ಯಾರೇ ವರ್ಗವಾಗಿ ಬರಲಿ, ಅವರು ನಮ್ಮ ಕ್ಲಬ್ಬಿಗೆ ಪದನಿಮಿತ್ತ ಅಧ್ಯಕ್ಷರು. ಅಧ್ಯಕ್ಷಗಿರಿಯ ಜೊತೆಗೆ ಗೆಲುವೂ ಪದನಿಮಿತ್ತವಾಗಿಯೇ ಬರುತ್ತದೆ. ಅದಕ್ಕೆ ಬೇಕಾದ ಕಸಬು ನಮಗೆಲ್ಲ ಕರಗತವಾಗಿದೆ. ಬೇಗ ಸೋತರೆ ಸಾಹೇಬರಿಗೆ ಅನುಮಾನ, ತಡವಾಗಿ ಸೋತರೆ ಸಾಹೇಬರಿಗೆ ಸುಸ್ತು. ಒಂದೆರಡು ಗೇಮು ಗೆದ್ದು, ಬೆವರು ಒರೆಸಿಕೊಂಡು, ಆಮೇಲೆ ಚೆಂಡನ್ನು ನೆಟ್ಟಿಗೆ ಹೊಡೆದು ‘ಛೆ!’ ಎನ್ನಬೇಕು. ಗೆರೆಯಾಚೆ ಬಿದ್ದ ತಮ್ಮ ಚೆಂಡಿಗೆ ಕಣ್ಣು ಕಿರಿದು ಮಾಡಿ ‘ಲೈನ್ ಮೇಲೇ ಸಾರ್’ ಎನ್ನಬೇಕು. ಬೆಂಚಿನ ಮೇಲೆ ಕೂತ ನಮ್ಮ ಖಜಾಂಚಿ ಶಿವಕುಮಾರ್ ‘ಅಬ್ಬಬ್ಬ, ಏಮಿ ಷಾಟು ಸಾರ್!’ ಅಂತ ತೆಲುಗಿನಲ್ಲಿ ಉದ್ಗರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಎಡಗಡೆಗೆ ಯಾರೂ ಚೆಂಡು ಹಾಕಕೂಡದು. ತಮಗೆ ಬ್ಯಾಕ್‌ಹ್ಯಾಂಡ್ ಬರುವುದಿಲ್ಲ ಎಂಬುದು ಬಸ್‌ಸ್ಟ್ಯಾಂಡಿನವರೆಗೂ ಗೊತ್ತಿರುವ ವಿಷಯ, ತಮಗೊಬ್ಬರಿಗೆ ಗೊತ್ತಾಗದ ಹಾಗೆ ನೋಡಿಕೊಂಡಿದ್ದೆವು. ನಾನು ತೆರಿಗೆ ಸಲಹೆಗಾರ, ಅರ್ಜಿ ಹಿಡಿದು ತಮ್ಮ ಕಚೇರಿ ಮೆಟ್ಟಿಲು ಹತ್ತಬೇಕಾದವನು. ಶಿವಕುಮಾರ್ ಕಂಟ್ರ್ಯಾಕ್ಟರು. ನಮಗೆ ಸೋಲಿನಿಂದ ಸಿಗುವುದೇನು ಎಂದು ಬಿಡಿಸಿ ಹೇಳಬೇಕೆ?

ಇದರಲ್ಲಿ ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದೆ. ಆ ಭ್ರಮೆಯನ್ನು ಕಳೆದವರು ಹೂರಿಯಾ ಬೆಲ್‌ಕಾಸಿಮ್.

ಆಕೆಯನ್ನು ತಾವು ಮರೆತಿರಲಾರಿರಿ. ಆಲ್ಜೀರಿಯಾದ ಓರಾನ್ ಎಂಬ ಬಂದರು ಪಟ್ಟಣದವರು. ಒಂದು ಕಾಲದಲ್ಲಿ ಟೆನಿಸ್ ಆಡಿಯೇ ಹೊಟ್ಟೆ ಹೊರೆದವರು, ಈಗ ನಿವೃತ್ತರಾಗಿ ತಮ್ಮನ ಜೊತೆ ಹಣ್ಣಿನ ರಸದ ವ್ಯಾಪಾರ ಮಾಡುತ್ತಾರೆ. ತೋತಾಪುರಿ ಮಾವಿನ ಪಲ್ಪ್ ಖರೀದಿಗೆಂದು ಈ ಸೀಸನ್ನಿನಲ್ಲಿ ಶ್ರೀನಿವಾಸಪುರಕ್ಕೆ ಬಂದಿದ್ದರು. ಆ ಪಲ್ಪ್ ಫ್ಯಾಕ್ಟರಿಯ ಲೆಕ್ಕಪತ್ರ ನೋಡುವವನು ನಾನು. ಆಕೆ ಮಾಜಿ ಆಟಗಾರ್ತಿ ಎಂದು ಬಾಯಿ ತಪ್ಪಿ ತಮ್ಮೆದುರು ಆಡಿದ್ದೇ ತಡ, ತಾವು ‘ಸನ್ಮಾನ ಮಾಡೋಣ, ನಂತರ ಒಂದು ಪ್ರದರ್ಶನ ಪಂದ್ಯ ಆಡೋಣ’ ಎಂದು ಆಜ್ಞಾಪಿಸಿದಿರಿ.

ಸನ್ಮಾನದ ಸಂಜೆ ಆಕೆಯನ್ನು ನನ್ನ ಕಾರಿನಲ್ಲೇ ಕರೆತಂದೆ. ದಾರಿಯುದ್ದಕ್ಕೂ ಆಕೆ ತನ್ನ ಕಥೆ ಹೇಳಿದರು, ನಾನು ಕೇಳಿದ್ದಕ್ಕೆ ಹೇಳಿದರು, ಇಲ್ಲದಿದ್ದರೆ ಮಾವಿನ ತೋಪುಗಳನ್ನು ನೋಡುತ್ತಾ ಸುಮ್ಮನಿರುತ್ತಿದ್ದರೋ ಏನೋ. ಓರಾನ್‌ನ ಒಂದು ಹಳೆಯ ಕ್ಲಬ್ಬಿನ ಮಣ್ಣಿನ ಕೋರ್ಟಿನಲ್ಲಿ ಆಟ ಕಲಿತರಂತೆ. ಆಗ ಆ ದೇಶದಲ್ಲಿ ಬೀದಿಬೀದಿಗಳಲ್ಲಿ ರಕ್ತ ಹರಿಯುತ್ತಿದ್ದ ಕಾಲ, ತೊಂಬತ್ತರ ದಶಕ. ಹೆಣ್ಣುಮಗಳು ರ‍್ಯಾಕೆಟ್ ಹಿಡಿದು ರಸ್ತೆಯಲ್ಲಿ ನಡೆಯುವುದೇ ಅಪಾಯ ಎಂದು ತಾಯಿ ಅದನ್ನು ರೊಟ್ಟಿಯ ಚೀಲದಲ್ಲಿ ತುರುಕಿ ಕಳಿಸುತ್ತಿದ್ದರಂತೆ. ಹದಿನೆಂಟರ ವಯಸ್ಸಿನಲ್ಲಿ ಒಂದು ಆಯ್ಕೆ ಪಂದ್ಯ. ಕ್ಲಬ್ಬಿನ ಹಿರಿಯರೊಬ್ಬರು ಕರೆದು, ಎದುರಾಳಿ ನನ್ನ ತಂಗಿಯ ಮಗಳು, ಈ ಸಲ ಅವಳು ಹೋಗಲಿ, ನೀನು ಮುಂದಿನ ವರ್ಷ ಹೋಗುವೆಯಂತೆ ಎಂದರಂತೆ. ಹೂರಿಯಾ ತಲೆಯಾಡಿಸಿ, ಕೋರ್ಟಿಗೆ ಹೋಗಿ, ಆ ಹುಡುಗಿಯನ್ನು ಎರಡು ಸೆಟ್ಟಿನಲ್ಲಿ ಸೋಲಿಸಿ ಬಂದರು. ಮರುವಾರ ಕ್ಲಬ್ಬಿನ ಗೇಟು ಆಕೆಗೆ ಮುಚ್ಚಿತು. ಒಂದು ವರ್ಷ ಶಾಲೆಯ ಹಿಂದಿನ ಗೋಡೆಗೆ ಚೆಂಡು ಹೊಡೆದುಕೊಂಡು ಅಭ್ಯಾಸ ಮಾಡಿ, ಆಮೇಲೆ ಹಡಗು ಹತ್ತಿ ಸ್ಪೇನಿಗೆ ಹೋದರು.

ಅಲ್ಲಿಂದ ಮುಂದಿನದು ಬರೀ ಅಲೆದಾಟ. ಮೊರೊಕ್ಕೊ, ಟ್ಯುನೀಷಿಯಾ, ಟರ್ಕಿ, ಈಜಿಪ್ಟಿನ ಸಣ್ಣ ಸಣ್ಣ ಪಂದ್ಯಾವಳಿಗಳು. ರೈಲ್ವೆ ನಿಲ್ದಾಣದಲ್ಲಿ ಮಲಗಿದ್ದು, ಬೇರೆ ಆಟಗಾರ್ತಿಯರ ರ‍್ಯಾಕೆಟ್ಟಿಗೆ ತಂತಿ ಬಿಗಿದು ಊಟದ ಖರ್ಚು ಹೊಂದಿಸಿದ್ದು. ಒಂದೇ ಒಂದು ಸಲ ದೊಡ್ಡ ಪಂದ್ಯಾವಳಿಯ ಹೊಸ್ತಿಲವರೆಗೆ ಹೋದರು. ಅರ್ಹತಾ ಸುತ್ತಿನ ಕೊನೆಯ ಪಂದ್ಯದಲ್ಲಿ, ಗೆಲ್ಲಲು ಇನ್ನೊಂದೇ ಪಾಯಿಂಟ್ ಇರುವಾಗ ಸರ್ವಿಸನ್ನು ಎರಡೂ ಸಲ ನೆಟ್ಟಿಗೆ ಹೊಡೆದು, ಕೊನೆಗೆ ಸೋತರು. ಮೂವತ್ತೊಂದಕ್ಕೆ ಭುಜ ಕೈಕೊಟ್ಟಿತು, ಆಟ ನಿಂತಿತು. ‘ಅಷ್ಟೆಲ್ಲ ಕಷ್ಟಪಟ್ಟು ಕೊನೆಗೆ ಬೇಜಾರಾಗಲಿಲ್ಲವಾ ಮೇಡಂ?’ ಎಂದೆ. ಆಕೆ ನಕ್ಕರು. ‘ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಸೋತದ್ದೆಲ್ಲ ನಿಜವಾಗಿಯೂ ಸೋತೆ. ಆ ಲೆಕ್ಕದಲ್ಲಿ ಸುಳ್ಳಿಲ್ಲ’ ಎಂದರು. ಲೆಕ್ಕ ನೋಡುವ ಕಸುಬಿನ ನಾನು ಗೇರು ಬದಲಾಯಿಸಿದೆ.

ಆ ಸಂಜೆಯನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ವೇದಿಕೆಯ ಬ್ಯಾನರಿನಲ್ಲಿ ‘ದಕ್ಷಿಣ ಆಫ್ರಿಕಾದ ವಿಶ್ವ ಚಾಂಪಿಯನ್’ ಎಂದಿತ್ತು. ತಪ್ಪು ತೋರಿಸಿದರೆ ಶಿವಕುಮಾರ್, ‘ಆಫ್ರಿಕಾ ಅಂದ್ಮೇಲೆ ಎಲ್ಲಾ ಒಂದೇ ಬಿಡಿ ಸಾರ್, ಯಾರು ಓದ್ತಾರೆ’ ಎಂದ. ಮೈಸೂರು ಪೇಟ, ಶಾಲು, ಗಂಧದ ಹಾರ, ಮಾವು ಕೊಳ್ಳಲು ಬಂದವರಿಗೇ ಒಂದು ಬುಟ್ಟಿ ಮಾವು. ಆಮೇಲೆ ತಾವು ಕೋರ್ಟಿಗೆ ಇಳಿದಿರಿ. ಅದಕ್ಕೂ ಮುಂಚೆ ಶಿವಕುಮಾರ್ ಆಕೆಯ ಕಿವಿಯ ಬಳಿ ಹೋಗಿ ತನಗೆ ಬರುವ ಇಂಗ್ಲಿಷಿನಲ್ಲಿ, ನಮ್ಮ ಸಾಹೇಬರು ದೊಡ್ಡ ಅಧಿಕಾರಿ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ, ಮೂರು ನಾಲ್ಕು ಗೇಮಾದರೂ ಬಿಡಿ ಎಂದು ಬಿನ್ನವಿಸಿಕೊಂಡ. ಹೂರಿಯಾ ಗಾಬರಿಯಿಂದ ನನ್ನ ಕಡೆ ತಿರುಗಿ, ‘ಯಾಕೆ, ಅವರಿಗೆ ಹುಷಾರಿಲ್ಲವಾ?’ ಎಂದು ಕೇಳಿದರು.

ಆರು–ಸೊನ್ನೆ. ಕೆಟ್ಟ ಭುಜದ, ಐವತ್ತರ ಹತ್ತಿರದ ಹೆಂಗಸು. ಯಾವಾಗ ಚಪ್ಪಾಳೆ ತಟ್ಟಬೇಕೆಂದು ತಿಳಿಯದೆ ನಾವೆಲ್ಲ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದೆವು. ತಾವು ಟವೆಲಿನಿಂದ ಮುಖ ಒರೆಸಿಕೊಂಡು, ಬಿಸಿಲಿಳಿದರೂ ಕಣ್ಣಿಗೆ ಕುಕ್ಕುತ್ತಿದೆ ಎಂದಿರಿ. ನಾವೆಲ್ಲ ಆಕಾಶ ನೋಡಿ ಹೌದು ಹೌದು ಎಂದೆವು. ನಂತರ ತಾವು ಅರ್ಷಿಯಾಳನ್ನು ಕರೆದಿರಿ: ‘ಬಾಮ್ಮ, ನಾವೊಂದು ಸೆಟ್ ಆಡೋಣ.’

ಅರ್ಷಿಯಾ ಕ್ಲಬ್ಬಿನ ಕಾಂಪೌಂಡಿಗೆ ಅಂಟಿಕೊಂಡಿರುವ ಹಾಸಿಗೆ ಅಂಗಡಿಯ ರಹಮತ್ತುಲ್ಲಾನ ಮಗಳು. ಗೋಡೆಯಾಚೆ ಹಾರಿದ ಚೆಂಡುಗಳನ್ನು ತಂದುಕೊಡುತ್ತಾ ಕೊಡುತ್ತಾ ಆಟ ಹಿಡಿದವಳು. ಬೆಳಿಗ್ಗೆ ಜೊತೆಗೆ ಯಾರೂ ಸಿಗದಿದ್ದಾಗ ಸಾಹೇಬರುಗಳಿಗೆ ಎದುರು ನಿಲ್ಲುವವಳು ಅವಳೇ. ಆ ಸಂಜೆಯೂ ತಾವು ಅವಳನ್ನು ಆರು–ಎರಡರಲ್ಲಿ ಸೋಲಿಸಿದಿರಿ. ಈ ಸಲ ಎಲ್ಲರೂ ನಿರಾಳವಾಗಿ ಚಪ್ಪಾಳೆ ತಟ್ಟಿದೆವು. ಹೂರಿಯಾ ಮಾತ್ರ ಕೂತಲ್ಲಿಂದ ಎದ್ದು ನಿಂತಿದ್ದರು. ತಾವು ಹೊರಟ ಮೇಲೆ ಆ ಹುಡುಗಿಯನ್ನು ಮತ್ತೆ ಕೋರ್ಟಿಗೆ ಕರೆದೊಯ್ದು, ಬೇಕಂತಲೇ ಒಂದು ಮೂಲೆಗೆ ಸರಿದು ಇಡೀ ಕೋರ್ಟನ್ನು ಖಾಲಿ ಬಿಟ್ಟರು. ಅರ್ಷಿಯಾ ಚೆಂಡನ್ನು ಆ ಮೂಲೆಗೇ, ಆಕೆಯ ಬಲಗೈಗೇ ಹೊಡೆದುಕೊಟ್ಟಳು. ಮತ್ತೆ ಹಾಗೆಯೇ. ಮತ್ತೆ ಹಾಗೆಯೇ. ಹೂರಿಯಾ ಆಟ ನಿಲ್ಲಿಸಿ, ಎಲ್ಲಿಗೆ ಹೊಡೆಯುತ್ತಿದ್ದೀಯ ಎಂದು ನನ್ನ ಮೂಲಕ ಕೇಳಿದರು.

‘ಅವರಿಗೆ ಅನುಕೂಲ ಆಗೋ ಕಡೆಗೆ ಅಂಕಲ್’ ಎಂದಳು ಅರ್ಷಿಯಾ. ‘ಹಂಗೇ ಅಲ್ವಾ ಆಡೋದು?’

ಮಾನ್ಯರೇ, ಆ ಮಾತನ್ನು ಇಂಗ್ಲಿಷಿಗೆ ತಿರುಗಿಸುವಾಗಲೇ ಅದರ ಅರ್ಥ ನನಗೆ ಆದದ್ದು. ಕಳೆದ ವರ್ಷ ಹೈಸ್ಕೂಲು ಪಂದ್ಯಗಳಿಗೆ ಇವಳನ್ನು ಕೋಲಾರಕ್ಕೆ ಕರೆದೊಯ್ದವನು ನಾನು. ಮಾಲೂರಿನ ಹುಡುಗಿಯೊಬ್ಬಳ ಎದುರು ಸೋತಳು. ಆ ಹುಡುಗಿಗೆ ಎಡಕ್ಕೆ ಓಡಲು ಬರುತ್ತಲೇ ಇರಲಿಲ್ಲ, ಇವಳು ಎಡಕ್ಕೆ ಒಂದು ಚೆಂಡನ್ನೂ ಹಾಕಲಿಲ್ಲ. ‘ಎಡಕ್ಕೆ ಹೊಡಿಯಮ್ಮಾ!’ ಅಂತ ಹೊರಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿತು. ಹೊಸ ಜಾಗ, ಭಯಪಟ್ಟಿದೆ ಮಗು ಎಂದುಕೊಂಡೆ. ಭಯವಲ್ಲ ಅದು. ನಾವು ಕಲಿಸಿದ್ದನ್ನು ಅವಳು ಚಾಚೂ ತಪ್ಪದೆ ಆಡಿದ್ದಳು. ನಾವಾದರೋ ಗೆಲ್ಲುವುದು ಗೊತ್ತಿದ್ದೂ ಸೋಲುವವರು, ನಮ್ಮ ಸ್ವಾರ್ಥಕ್ಕೆ ಸೋಲುವವರು. ಅರ್ಷಿಯಾಗೆ ಬೇರೆ ಟೆನಿಸ್ಸೇ ಗೊತ್ತಿರಲಿಲ್ಲ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಹೂರಿಯಾ ಮರುದಿನವೇ ಹೊರಡಬೇಕಿತ್ತು. ಟಿಕೆಟ್ ಬದಲಾಯಿಸಿ ಹತ್ತು ದಿನ ಉಳಿದರು. ತಾವು ರಜೆಯ ಮೇಲೆ ಹೋಗಿದ್ದ ಆ ದಿನಗಳಲ್ಲಿ ಪ್ರತಿ ಬೆಳಿಗ್ಗೆ ಕೋರ್ಟಿಗೆ ಬಂದು, ಎದುರಾಳಿ ಇಲ್ಲದ ಕಡೆಗೆ ಹೊಡೆಯುವಂತೆ ಅವಳಿಗೆ ಕಲಿಸಿದರು. ಮೊದಲೆರಡು ದಿನ ಅರ್ಷಿಯಾ ಪ್ರತಿ ಸಲ ಚೆಂಡನ್ನು ದೂರ ಹೊಡೆದಾಗಲೂ ‘ಸಾರಿ ಮೇಡಂ’ ಎನ್ನುತ್ತಿದ್ದಳು. ಮೂರನೆಯ ದಿನ ಹೂರಿಯಾ ಆ ‘ಸಾರಿ’ಗೆ ಕೋರ್ಟಿನ ಸುತ್ತ ಒಂದು ಓಟದ ಶಿಕ್ಷೆ ಹಾಕಿದರು. ಹುಡುಗಿ ಓಡಿದಳು, ಓಡುತ್ತಾ ನಗುತ್ತಿದ್ದಳು.

ಮುಂದಿನದು ತಮಗೆ ಗೊತ್ತು. ಭಾನುವಾರ ತಾವು ಆಡಲು ಕರೆದಿರಿ, ಅವಳು ಎಡಕ್ಕೆ ಹಾಕಿದಳು. ಶಿವಕುಮಾರ್ ಬೆಂಚಿನಿಂದ ‘ಏಯ್, ಏನಮ್ಮಾ ಮಾಡ್ತಿದ್ದೀಯ?’ ಎಂದು ಹಲ್ಲು ಕಚ್ಚಿದ. ಆರು–ಮೂರರಲ್ಲಿ ಗೆದ್ದು ಬಂದು ತಮ್ಮ ಕೈಕುಲುಕಿದಳು. ತಾವು ‘ವೆರಿ ಗುಡ್’ ಎಂದಿರಿ. ವರಾಂಡಕ್ಕೆ ಬಂದು ನನ್ನನ್ನು, ‘ಬೈಲಾ ಪ್ರಕಾರ ಸದಸ್ಯರಲ್ಲದವರು ಆಡಬಹುದಾ, ನಂದಕಿಶೋರ್?’ ಎಂದು ತಣ್ಣಗೆ ಕೇಳಿದಿರಿ. ಚೆಂಡು ಹೆಕ್ಕುವಾಗ, ತಮ್ಮೆದುರು ಸೋಲುವಾಗ ಅಡ್ಡ ಬರದ ಬೈಲಾ ಅವಳು ಗೆದ್ದ ಕೂಡಲೇ ಎಚ್ಚರವಾಯಿತಲ್ಲ ಎಂದು ಆಗಲೇ ಕೇಳಬೇಕಿತ್ತು. ನಾನು ‘ಇಲ್ಲ ಸಾರ್’ ಎಂದೆ. ಪೇಂಟರಿಗೆ ಫೋನು ಮಾಡಿದವನೂ ನಾನೇ.

ಬುಧವಾರ ಅರ್ಷಿಯಾ ತನ್ನ ತಾಯಿ ಮುನ್ನೀ ಬೀ ಜೊತೆ ನಮ್ಮ ಮನೆಗೆ ಬಂದಳು. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತರು. ‘ಮಗಾ ತಪ್ಪು ಮಾಡಿಬಿಟ್ಲು ಸಾರ್, ಸಾಬ್ರು ಕೋಪ ಮಾಡ್ಕೊಂಡ್ರಂತೆ’ ಎಂದಳು ತಾಯಿ. ಹುಡುಗಿ ನನ್ನ ಮುಖ ನೋಡದೆ ಹೇಳಿದಳು: ‘ಸಾಹೇಬ್ರಿಗೆ ಹೇಳಿ ಅಂಕಲ್. ಇನ್ಮೇಲೆ ಗೆಲ್ಲಲ್ಲ. ಕೋರ್ಟ್‌ಗೆ ಬಿಟ್ರೆ ಸಾಕು.’

‘ಹೇಳ್ತೀನಮ್ಮ’ ಎಂದೆ. ಎಷ್ಟು ಸರಾಗವಾಗಿ ಬಂತು ಆ ಮಾತು! ಅವರು ಗೇಟು ದಾಟಿದ ಮೇಲೆ ನನ್ನ ಹೆಂಡತಿ ಶ್ರೀಪ್ರಿಯಾ ಅಡುಗೆಮನೆಯಿಂದ ಬಂದು, ‘ನಿಜವಾಗ್ಲೂ ಹೋಗಿ ಹೇಳ್ತೀರೇನ್ರೀ ಅದನ್ನ? ನಾಚ್ಕೆ ಆಗಲ್ವಾ?’ ಎಂದು ಕೇಳಿದಳು. ಆಯಿತು. ಅದಕ್ಕೇ ಪತ್ರಿಕೆಗೆ ಈ ಬಹಿರಂಗ ಪತ್ರ.

ನನ್ನ ಬೇಡಿಕೆ ಇಷ್ಟು. ಈ ಪತ್ರ ಅಚ್ಚಾದ ದಿನವೇ ಬೋರ್ಡು ತೆಗೆಸಿ, ಅರ್ಷಿಯಾಗೆ ವಿದ್ಯಾರ್ಥಿ ಸದಸ್ಯತ್ವ ಕೊಡಿ. ಬೈಲಾದಲ್ಲಿ ಅವಕಾಶವಿದೆ, ತಾವು ಕೇಳಿದ್ದಿದ್ದರೆ ಅದನ್ನೂ ಹೇಳುತ್ತಿದ್ದೆ. ಬರುವ ಭಾನುವಾರ, ಊರಿನವರಿಗೆ ಗೇಟು ತೆರೆದಿಟ್ಟು, ಅವಳ ಜೊತೆ ಒಂದು ಪಂದ್ಯ ಆಡಿ. ಲೈನು ನೋಡಲು ಕೋಲಾರದಿಂದ ಯಾರನ್ನಾದರೂ ಕರೆಸೋಣ, ನಮ್ಮ ಕಣ್ಣುಗಳನ್ನು ನಂಬುವ ಹಾಗಿಲ್ಲ. ಅವಳು ಇನ್ನು ಮುಂದೆ ಗೆಲ್ಲುವುದಿಲ್ಲವೆಂದು ತಮಗೆ ಹೇಳುತ್ತೇನೆಂದು ಆ ಮಗುವಿಗೆ ಮಾತು ಕೊಟ್ಟಿದ್ದೆ. ಆ ಮಾತಿಗೆ ತಪ್ಪುತ್ತಿದ್ದೇನೆ. ಅವಳು ಸೋಲಬೇಕಾದರೆ ತಾವೇ ಸೋಲಿಸಬೇಕು.

ಇಂತಿ,
ಸೋತಂತೆ ನಟಿಸಿ ನಟಿಸಿ ಈಗ ನಿಜಕ್ಕೂ ಸೋತಿರುವ,
ನಂದಕಿಶೋರ್
(ಈ ಪತ್ರ ಅಚ್ಚಾಗುವವರೆಗೆ) ಗೌರವ ಕಾರ್ಯದರ್ಶಿ, ಮುಳಬಾಗಿಲು