ಮೂರನೇ ಕ್ಯಾಮೆರಾಕ್ಕೂ ಏನೂ ಆಗಿಲ್ಲ

ಭಾನುವಾರ,
ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಅಣ್ಣನಿಗೆ, ಜಗಳಕ್ಕೆ ತಯಾರಾಗಿಯೇ ಕುಳಿತ ತಂಗಿಯ ನಮಸ್ಕಾರ.

ನೀನು ರಿಪೇರಿಗೆ ಕಳಿಸಿದ ಮೂರನೇ ಕ್ಯಾಮೆರಾ ತಲುಪಿತು. ಸೈನ್ಯದ ಹಳೇ ಸಾಮಾನಿನ ಹರಾಜಿನಲ್ಲಿ ನಿನ್ನಷ್ಟು ಚೆನ್ನಾಗಿ ಆರಿಸುವವರಿಲ್ಲ, ಒಪ್ಪಿದೆ. ಹಸಿರು ಬಣ್ಣ ಮೂಲೆಗಳಲ್ಲಿ ಎದ್ದುಹೋಗಿದೆ, ಯಾರದೋ ಬೆವರಿಗೆ ಹಿಡಿಯ ಚರ್ಮ ಕಪ್ಪಾಗಿದೆ. ತೂಕವೋ, ಎತ್ತಿದರೆ ಸೊಂಟ ನೆನಪಾಗುತ್ತದೆ. ಆದರೆ ಒಳಗೆ ಏನೂ ಕೆಟ್ಟಿಲ್ಲ.

ಮೊದಲ ಎರಡಕ್ಕೂ ಇದನ್ನೇ ಬರೆದಿದ್ದೆ. ನಿನಗೆ ಸಿಟ್ಟು ಬಂತು. ಯುದ್ಧದಲ್ಲಿ ಪೆಟ್ಟು ತಿಂದ ಮಾಲು, ಫೋಕಸ್ ತಪ್ಪಿದೆ, ಅದನ್ನು ಕಂಡುಹಿಡಿಯುವಷ್ಟು ಕೆಲಸ ನನಗೆ ಬರುವುದಿಲ್ಲ ಎಂದು ಬೈದು, ನೀನು ಅವನ್ನು ಮೂಲೆಗಿಟ್ಟು ಇನ್ನೊಂದು ಕೊಂಡೆ. ಈ ಸಲ ಬಿಚ್ಚುವ ಮೊದಲೇ ನಮ್ಮತ್ತೆಯನ್ನು ಕಿಟಕಿಯ ಹತ್ತಿರ ಕೂರಿಸಿ ಫೋಟೋ ತೆಗೆದೆ. ಎಷ್ಟು ಹೊತ್ತು ಅಲ್ಲಾಡದೆ ಕೂರಲಿ, ನಾನೇನು ಕಲ್ಲಾ ಅಂತ ಗೊಣಗಿದರು. ಫೋಟೋದಲ್ಲಿ ಅವರ ರೆಪ್ಪೆಯ ಕೂದಲು ಒಂದೊಂದೂ ಕಾಣುತ್ತದೆ, ಮುಖದ ಸಿಡುಕೂ ಕಾಣುತ್ತದೆ. ಸಾಕ್ಷಿಗೆಂದು ನೀನು ಇದರಲ್ಲೇ ತೆಗೆದು ಜೊತೆಗಿಟ್ಟ ಅತ್ತಿಗೆಯ ಫೋಟೋದಲ್ಲಿ ಅವರ ಮುಖವೆಲ್ಲ ಮಸುಕು, ಹಿಂದಿನ ಗೋಡೆಯ ಮೊಳೆ ಮಾತ್ರ ಸ್ಪಷ್ಟ.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಎಂದು ಬರೆಯಲು ಹೊರಟಿದ್ದೆ. ಕೈ ಬರಲಿಲ್ಲ. ನಿನಗೆ ಕುಣಿಯಲು ಬರುತ್ತದೆ ಅಣ್ಣ, ನನಗೆ ಈ ಕೆಲಸ ಕಲಿಸಿದವನೇ ನೀನು. ಅದಕ್ಕೇ ಭಯವಾಯಿತು. ಕೆಟ್ಟಿರುವುದು ಕ್ಯಾಮೆರಾ ಅಲ್ಲ, ನಿನ್ನ ಕಣ್ಣು.

ಎರಡೂ ಫೋಟೋ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಫೋಟೋ ನೋಡಿ ಕಾಯಿಲೆ ಹೇಳುವುದು ಹೇಗಮ್ಮ ಎಂದು ನಕ್ಕರು. ಅಪ್ಪನ ವಿಷಯ ಹೇಳಿದ ಮೇಲೆ ನಗಲಿಲ್ಲ. ಇದು ವಂಶದಲ್ಲಿ ಬರುವಂಥದ್ದಿರಬಹುದು, ಬೇಗ ಕರೆತಂದರೆ ಉಳಿದ ದೃಷ್ಟಿಯನ್ನು ಕಾಪಾಡಿಕೊಳ್ಳಬಹುದು, ಹೋದದ್ದು ಮಾತ್ರ ಮರಳಿ ಬಾರದು ಎಂದರು. ಅಪ್ಪನೂ ಪೂರ್ತಿ ಕತ್ತಲಾಗುವವರೆಗೆ ಕನ್ನಡಕದ ಅಂಗಡಿಯವನನ್ನೇ ಬೈಯುತ್ತಿದ್ದರು. ನಿನಗೆ ಅದೇ ಹೆದರಿಕೆ ಎಂದು ಬಲ್ಲೆ. ನನಗೂ ಹೆದರಿಕೆಯೇ.

ಗುರುವಾರ ಬೆಳಿಗ್ಗೆ ಬರಲು ಹೇಳಿದ್ದಾರೆ. ಬಾ ಅಣ್ಣ. ಬೈಯುವುದಿದ್ದರೆ ಆಸ್ಪತ್ರೆಯ ದಾರಿಯುದ್ದಕ್ಕೂ ಬೈ, ತುಟಿ ಪಿಟಕ್ಕೆನ್ನದೆ ಕೇಳುತ್ತೇನೆ. ನೀನು ಬರುವವರೆಗೆ ಕ್ಯಾಮೆರಾ ವಾಪಸ್ ಕೊಡುವುದಿಲ್ಲ.

ನಿನ್ನ ತಂಗಿ,
ಸ್ಕ್ರೂ ರಾಣಿ

ವಿ.ಸೂ.: ಅತ್ತಿಗೆ, ಇದನ್ನು ಅಣ್ಣನಿಗೆ ಓದಿ ಹೇಳುತ್ತಿರುವುದು ನೀವೇ ಎಂದು ನನಗೆ ಗೊತ್ತು. ನಡುವೆ ಅವನು ಸಾಕು ನಿಲ್ಲಿಸು ಅಂದಿದ್ದರೆ ಮತ್ತೆ ಮೊದಲಿನಿಂದ ಓದಿ. ಅಳಬೇಡಿ, ಓದುವವರಿಗಾದರೂ ಅಕ್ಷರ ಕಾಣಬೇಕಲ್ಲ.