ಎಡಗಡೆಯ ಸೀಟು

ತಮ್ಮಾ,

ನೀನು ಏಳುವ ಹೊತ್ತಿಗೆ ನಾನು ಪೈಲಟ್‌ಗಳ ಯೂನಿಯನ್ ಸಭೆಯಲ್ಲಿರುತ್ತೇನೆ. ಹಾಲು ಕಾಯಿಸಿಟ್ಟಿದ್ದೇನೆ. ನಿನ್ನ ಯೂನಿಫಾರಂ ಬಾಲ್ಕನಿಯಲ್ಲಿ ತೋಳು ಬೀಸುತ್ತ ತಾನೇ ಎಲ್ಲಿಗೋ ಹೊರಟಂತಿದೆ. ಇಸ್ತ್ರಿ ನೀನೇ ಮಾಡಿಕೋ, ನಾನೇನು ನಿನ್ನ ಗ್ರೌಂಡ್ ಸ್ಟಾಫ್ ಅಲ್ಲ.

ನಿನ್ನೆ ಊಟಕ್ಕೆ ಕೂತಾಗ ಕೇಳಿದೆಯಲ್ಲ, "ನಮ್ ಹೊಟ್ಟೆ ಮೇಲೆ ಹೊಡೆಯೋಕೆ ನೀನೂ ಕೈ ಎತ್ತೀಯೇನಕ್ಕಾ?" ಅಂತ. ಇವತ್ತಿನ ಸಭೆಯ ವೋಟಿನಲ್ಲಿ ಎತ್ತುತ್ತೇನೆ ಕಣೋ. ನಾವು ಹಾರಿಸುವ ವಿಮಾನಗಳನ್ನು ಅರ್ಧ ಸಂಬಳಕ್ಕೆ ನಿಮ್ಮ ಗುತ್ತಿಗೆ ಕಂಪನಿಗೆ ಒಪ್ಪಿಸುವುದು ನಿಲ್ಲಲೇಬೇಕು. ಆದರೆ ಅದಕ್ಕೂ ಮೊದಲು ಎದ್ದು ನಿಂತು, ನಿಮ್ಮನ್ನೆಲ್ಲ ನಮ್ಮೊಳಗೆ ಸೇರಿಸಿಕೊಳ್ಳಲಿ, ನಿಮ್ಮ ಸರ್ವಿಸ್ ಕೂಡ ಲೆಕ್ಕಕ್ಕೆ ಹಿಡಿಯಲಿ ಅಂತ ಕೇಳುತ್ತೇನೆ. ನಮ್ಮವರು ರೇಗುತ್ತಾರೆ. ರೇಗಲಿ.

ನಾನು ಡಿಗ್ರಿ ಕ್ಲಾಸಿನ ಕಿಟಕಿಯಾಚೆ ನೋಡುತ್ತ ಕೂತಿದ್ದಾಗಲೇ ನೀನು ಹಾರುತ್ತಿದ್ದೆ. ಹಾಗಾಗಿ ಅವರು ಒಪ್ಪಿದರೆ ಸೀನಿಯಾರಿಟಿಯಲ್ಲಿ ನನ್ನನ್ನು ದಾಟಿ ಹೋಗುತ್ತೀಯ. ಕ್ಯಾಪ್ಟನ್ ಕೂರುವ ಎಡಗಡೆಯ ಸೀಟು ನಿನಗೇ ಮೊದಲು. ಎದ್ದಾಗಿನಿಂದ ಅದೇ ಕಣ್ಣಮುಂದೆ ಬರುತ್ತಿದೆ: ಕೆಳಗೆ ಕೊನೆಯೇ ಇಲ್ಲದ ಬಿಳಿ ಮೋಡ, ನನ್ನ ಎಡಕ್ಕೆ ನೀನು.

ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೂ ಕೇಳಿಯೇ ಬರುತ್ತೇನೆ.

ಅಕ್ಕ