ಮಂಗಳವಾರದ ಫ್ಲೈಟಿಗೆ ಸೋಮವಾರವೇ ಹೊರಟದ್ದು

ಅಮ್ಮ,

ನೀನು ದೇವಸ್ಥಾನದಿಂದ ಬರೋದ್ರೊಳಗೆ ಒಳ್ಳೆ ಗಳಿಗೆ ಮುಗಿದುಹೋಗುತ್ತೆ, ಅದಕ್ಕೇ ಹೊರಟೆ. ಮಂಗಳವಾರ ಮನೆ ಬಿಡಬಾರದು ಅಂತ ನೀನು ಹಟ ಹಿಡಿದಿದ್ದಕ್ಕೆ, ನಾಳೆ ಫ್ಲೈಟ್ ಇರೋಳು ಇವತ್ತೇ ಸೂಟ್‌ಕೇಸ್ ಎಳ್ಕೊಂಡು ಗಿರಿನಗರದ ದೊಡ್ಡಮ್ಮನ ಮನೆಗೆ ಹೋಗ್ತಿದ್ದೀನಿ. ಇಂಗ್ಲಿಷ್ ಕಲಿಸೋಕೆ ವಿಯೆಟ್ನಾಂಗೆ ಹೊರಟ ಮೇಡಂ, ಮೊದಲು ಗಿರಿನಗರಕ್ಕೆ!

ಮಹಡಿ ಮೇಲೆ ಬಟ್ಟೆ ಒಣಗಿದೆ, ತೆಗೆದಿಡು.

ಅಕ್ಕಿ ಡಬ್ಬ, ಬೇಳೆ ಡಬ್ಬದ ಮೇಲೆ ನಾನು ಅಂಟಿಸಿರೋ ಇಂಗ್ಲಿಷ್ ಹೆಸರುಗಳನ್ನ ಕಿತ್ತುಹಾಕಬೇಡ. ನನ್ನ ಮೊದಲನೇ ಸ್ಟೂಡೆಂಟ್ ನೀನು. ನೀನು ಮರೆತರೆ ಹೋಗೋದು ನನ್ನ ಮರ್ಯಾದೆ.

ಏರ್‌ಪೋರ್ಟಿಗೆ ಬರಲ್ಲ, ಅಳು ಬರುತ್ತೆ ಅಂದೆಯಲ್ಲ? ನನ್ನ ಪಾಸ್‌ಪೋರ್ಟ್ ನಿನ್ನ ಬೀರುವಿನಲ್ಲಿ, ಹಸಿರು ರೇಷ್ಮೆ ಸೀರೆ ಕೆಳಗಿದೆ. ಪ್ರಯಾಣ ಹೊರಟವರು ವಾಪಸ್ ಬಂದು ಹೊಸ್ತಿಲು ತುಳಿಯಬಾರದು ಅಂತ ನೀನೇ ಹೇಳಿದ್ದೀಯ, ಹಾಗಾಗಿ ನಾನಂತೂ ಬರೋ ಹಾಗಿಲ್ಲ. ಅಪ್ಪನ ಕೈಲಿ ಮಾತ್ರ ಕಳಿಸಬೇಡ, ಅವರು ಕನ್ನಡಕಾನೇ ಆಟೋದಲ್ಲಿ ಬಿಟ್ಟು ಬರೋರು.

ನಾಳೆ ಸಂಜೆ ಐದಕ್ಕೆ ಏರ್‌ಪೋರ್ಟ್ ಬಾಗಿಲಲ್ಲಿ ಕಾಯ್ತಿರ್ತೀನಿ.

ಹೇಗೂ ಕೈಗೆ ಸಿಗುತ್ತಲ್ಲ, ಆ ಹಸಿರು ಸೀರೇನೇ ಉಟ್ಕೊಂಡು ಬಾ.

ಬಿಂದು